ಸರ್ವೋತ್ತಮ ರೈಗಳು ತೋಡಿಗೆ ಸೊಪ್ಪು ಕಟ್ಟಿದ್ದು

"ಮುಳ್ಳುತಂತಿ ಬೇಡ, ಕಾವಲಿನವ ಬೇಡ, ಸರ್ಕಾರಕ್ಕೆ ಅರ್ಜಿಯೂ ಬೇಡ! ಬರುವ ದೀಪಾವಳಿಗೆ ಈ ತೋಡಿನ ಬದಿ ಹಸಿರಾಗದಿದ್ದರೆ ನನ್ನ ಹೆಸರು ಸರ್ವೋತ್ತಮ ರೈ ಅಲ್ಲ!"

ಹೀಗೆಂದು ರೈಗಳು ಮೇಜು ಗುದ್ದಿದ್ದು 1982ರ ಮೇ ತಿಂಗಳಲ್ಲಿ, ನರಿಮೊಗರಿನಿಂದ ಎರಡು ಮೈಲು ಒಳಗಿದ್ದ ತಮ್ಮ ಅಕ್ಕಿ ಗಿರಣಿಯ ಜಗಲಿಯಲ್ಲಿ. ಮೇಜು ಗಿರಣಿಯದ್ದೇ ಆದ್ದರಿಂದ ಗುದ್ದಿದ ರಭಸಕ್ಕೆ ತೌಡು ಹಾರಿ, ಸಭೆಯಲ್ಲಿದ್ದ ಇಪ್ಪತ್ತು ಮಂದಿಯೂ ಒಟ್ಟಿಗೆ ಸೀನಿದರು. ಅದನ್ನು ರೈಗಳು ಸರ್ವಾನುಮತದ ಒಪ್ಪಿಗೆ ಎಂದೇ ತಿಳಿದರು.

ಸಭೆ ಕರೆಯಲು ಕಾರಣವಿತ್ತು. ಪ್ರತಿ ವರ್ಷ ಮಳೆ ನಿಂತ ಮೇಲೆ ಊರಿನ ನಡುವೆ ಹಳ್ಳವಾಗಿ ಹರಿಯುವ ತೋಡಿಗೆ ಎರಡೂ ದಡದವರು ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುವುದು ಅಜ್ಜಂದಿರ ಕಾಲದ ಕ್ರಮ. ಕಟ್ಟದಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳಲ್ಲೂ ನೀರು. ಆದರೆ ಮೂರು ವರ್ಷಗಳಿಂದ ನೀರು ಕಟ್ಟಕ್ಕೆ ಮರ್ಯಾದೆ ಕೊಡದೆ, ಬದಿಯ ದಡವನ್ನೇ ಕೊರೆದುಕೊಂಡು ಹೋಗುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ತೋಡು ಒಣಗಿ, ಬಾವಿಗೆ ಇಳಿಸಿದ ಕೊಡಪಾನ ಕಲ್ಲಿಗೆ ಬಡಿಯುತ್ತಿತ್ತು. ದಡವನ್ನು ಹಿಡಿದುಕೊಳ್ಳಬೇಕಾದ ಮರ, ಪೊದೆಗಳೆಲ್ಲ ಎಲ್ಲಿ ಹೋದವು? ಗದ್ದೆಗೆ ಸೊಪ್ಪಾಗಿ, ಒಲೆಗೆ ಸೌದೆಯಾಗಿ, ಆಡಿನ ಹೊಟ್ಟೆ ಸೇರಿ ಹಿಕ್ಕೆಯಾಗಿ ಹೋದವು! ಉಳಿದದ್ದು ಕಮ್ಯುನಿಸ್ಟ್ ಗಿಡ ಮಾತ್ರ. ಎಲ್ಲಿಂದಲೋ ಬಂದು ಎಲ್ಲ ಕಡೆ ಹಬ್ಬಿದ, ಯಾವ ಪ್ರಾಣಿಯೂ ಮೂಸದ ಆ ಕಳೆಗೆ ಊರವರು ಇಟ್ಟ ಹೆಸರು ಅದು. ಪಕ್ಷದವರು ಬೇಸರಿಸಬಾರದು.

ಈ ಸಂಕಟಕ್ಕೆ ಹುಟ್ಟಿದ್ದೇ ತೋಡು ರಕ್ಷಣಾ ಸಮಿತಿ. ಈ ದಡದ ಸರ್ವೋತ್ತಮ ರೈಗಳು ಅಧ್ಯಕ್ಷರು, ಆ ದಡದ ಅದ್ರಾಮ ಬ್ಯಾರಿ ಕಾರ್ಯದರ್ಶಿ. ಇಬ್ಬರೂ ನಾಲ್ಕನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತು, ಒಂದೇ ಬೆತ್ತದಲ್ಲಿ ಪೆಟ್ಟು ತಿಂದವರು. ಅದ್ರಾಮರಿಗೆ ಒಣಮೀನಿನ ವ್ಯಾಪಾರ, ಅದರ ಜೊತೆಗೆ ಹನ್ನೆರಡು ಆಡುಗಳು. ಸಮಿತಿಯವರು ಹದಿನೈದು ದಿನ ಬೆವರು ಸುರಿಸಿ ಎರಡೂ ದಡದ ಕಮ್ಯುನಿಸ್ಟ್ ಗಿಡ ಕಿತ್ತು ಹಾಕಿದ್ದರು. ಅದರ ಅಡಿಯಲ್ಲಿ ನೇರಳೆ, ಹೊಂಗೆ, ರೆಂಜ, ಕೇದಗೆಗಳ ಹಳೆಯ ಬುಡಗಳು ಇನ್ನೂ ಜೀವ ಹಿಡಿದುಕೊಂಡಿದ್ದವು. ಹೊಸ ಗಿಡ ನೆಡುವ ಅಗತ್ಯವೇ ಇರಲಿಲ್ಲ. ಒಂದು ಮಳೆಗಾಲ ಯಾರೂ ಕತ್ತಿ ಹಾಕದಿದ್ದರೆ ಸಾಕಿತ್ತು.

"ಪೇಟೆಯಿಂದ ಅಕೇಶಿಯಾ ಗಿಡ ತಂದು ನೆಟ್ಟರೆ ಹೇಗೆ?" ಎಂದು ಯಾರೋ ಕೇಳಿದರು.

"ನನ್ನ ಆಡೇ ತಿನ್ನುದಿಲ್ಲ ಅದರ ಎಲೆ," ಎಂದರು ಅದ್ರಾಮ. "ನನ್ನ ಆಡು ತಿನ್ನದ್ದು ಅಂದ್ರೆ ಅದು ಎಲೆಯೇ ಅಲ್ಲ ಮಾರಾಯ್ರೆ. ಮೊನ್ನೆ ಒಂದು ಪಂಚಾಯತಿನ ನೋಟೀಸು ತಿಂದುಂಟು."

ಹಾಗಾದರೆ ಕತ್ತಿ ಹಾಕದಂತೆ ತಡೆಯುವವರು ಯಾರು? ಆಗಲೇ ರೈಗಳು ಮೇಜು ಗುದ್ದಿದ್ದು. ಅವರ ಉಪಾಯ ಸರಳ: ದೈವದ ಹೆಸರಿನಲ್ಲಿ ಸೊಪ್ಪು ಕಟ್ಟುವುದು. ಒಂದು ಹಿಡಿ ಸೊಪ್ಪನ್ನು ಗಡಿಯಲ್ಲಿ ಕಟ್ಟಿ, ಇಲ್ಲಿಂದ ಇಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ದೈವಕ್ಕೆ ಹೇಳಿಬಿಟ್ಟರೆ ಮುಗಿಯಿತು. ಪೊಲೀಸರಿಗೆ ಹೆದರದವನೂ ಆ ಸೊಪ್ಪಿಗೆ ಹೆದರುತ್ತಾನೆ. ಹಿಂದೂ, ಬ್ಯಾರಿ ಎಂಬ ಭೇದವೂ ಅದಕ್ಕಿಲ್ಲ.

ದೈವದ ಪೂಜೆ ನೋಡಿಕೊಳ್ಳುವ ತ್ಯಾಂಪಣ್ಣ ತಲೆ ಕೆರೆದುಕೊಂಡರು. "ಕಟ್ಟುದು ಸುಲಭ ರೈಗಳೇ. ಬಿಚ್ಚುದು ದೈವಕ್ಕೆ ತಂಬಿಲದ ಪೂಜೆ ಆದ ಮೇಲೆಯೇ. ಪತ್ತನಾಜೆ ಕಳೆದರೆ ದೈವದ ಕೆಲಸ ಎಲ್ಲ ಬಂದ್. ಮತ್ತೆ ದೀಪಾವಳಿಗೇ ಬಾಗಿಲು ತೆರೆಯುದು. ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡದೆ ಅಧ್ಯಕ್ಷ ಆಗ್ಲಿಕ್ಕೆ ಆಗ್ತದಾ?" ಎಂದರು ರೈಗಳು.

ಮೇ ಕೊನೆಯ ವಾರ ಪತ್ತನಾಜೆ ಬಂತು. ಆ ವರ್ಷದ ಕೊನೆಯ ತಂಬಿಲ ಮುಗಿಸಿ ಊರೆಲ್ಲ ತೋಡಿನ ಬದಿಗೆ ಬಂತು. ಸೊಪ್ಪು ಕಟ್ಟುವಾಗ ಹೇಳಬೇಕಾದ ಮೂರು ಮಾತುಗಳನ್ನು ತ್ಯಾಂಪಣ್ಣ ರೈಗಳ ಕಿವಿಯಲ್ಲಿ ಹೇಳಿಕೊಟ್ಟರು. ಹೆಗಲಿಗೆ ಜರಿ ಶಾಲು, ಎದುರಿಗೆ ಇನ್ನೂರು ಜನ. ರೈಗಳಿಗೆ ಮೂರು ಮಾತು ಸಾಲುವುದುಂಟೇ?

"ಕೆಳಗೆ ಕಟ್ಟದ ಕಲ್ಲಿನಿಂದ ಮೇಲೆ ತೋಡು ದಾಟುವ ಸಂಕದವರೆಗೆ! ತೋಡಿನ ನೀರಿನಿಂದ ಎರಡೂ ಬದಿಯ ಕಾಲುದಾರಿಯವರೆಗೆ! ಹಸಿಯಾಗಲಿ, ಒಣಗಿದ್ದಾಗಲಿ, ನಿಂತದ್ದಾಗಲಿ, ಬಿದ್ದದ್ದಾಗಲಿ! ಎಲೆಯಾಗಲಿ, ಕಡ್ಡಿಯಾಗಲಿ, ಕಾಯಿಯಾಗಲಿ, ಹಣ್ಣಾಗಲಿ, ಸೌದೆಯಾಗಲಿ! ಯಾರ ಜಾಗದ್ದೇ ಆಗಲಿ! ಯಾರು ಮುಟ್ಟಿದರೂ ದೈವವೇ ನೋಡಿಕೊಳ್ಳಲಿ!"

"ಬಿದ್ದದ್ದು ಎಂತಕ್ಕೆ ಸೇರಿಸಿದ್ದು ಮಾರಾಯ್ರೆ?" ಎಂದು ಅದ್ರಾಮ ಪಿಸುಗುಟ್ಟಿದರು.

"ಇಲ್ಲದಿದ್ರೆ ಇವರೇ ಕಡಿದು ಬೀಳಿಸಿ, ಬಿದ್ದದ್ದು ಅಂತ ಹೇಳ್ತಾರೆ. ಊರಿನ ಜನ ನನಗೆ ಗೊತ್ತಿಲ್ವಾ?"

ಜನ ಚಪ್ಪಾಳೆ ತಟ್ಟಿದರು. ದೈವದ ಕಾರ್ಯದಲ್ಲಿ ಚಪ್ಪಾಳೆ ತಟ್ಟುವ ಕ್ರಮವಿಲ್ಲ ಎಂದು ತ್ಯಾಂಪಣ್ಣ ಗದರಿದರೂ ಅದು ರೈಗಳ ಕಿವಿಗೆ ಬಿದ್ದಾಗಿತ್ತು. ಅವರು ಆ ದಿನ ನೆಲದಿಂದ ನಾಲ್ಕು ಅಂಗುಲ ಮೇಲೆಯೇ ನಡೆದು ಮನೆಗೆ ಬಂದರು.

"ದಮಯಂತೀ, ಸ್ನಾನಕ್ಕೆ ಬಿಸಿನೀರು ಉಂಟಾ?"

ರೈಗಳ ಸ್ನಾನವೆಂದರೆ ಸಣ್ಣ ವಿಷಯವಲ್ಲ. ಬಚ್ಚಲ ಹಂಡೆಯಲ್ಲಿ ನೀರು ಕುದಿಯಬೇಕು, ಅದನ್ನು ಮೈಮೇಲೆ ಹೊಯ್ದುಕೊಂಡು ರೈಗಳು ಹೋ ಎಂದು ಕೂಗಬೇಕು, ಮೈ ಕೆಂಪಾಗಬೇಕು. ಅದಾದ ಮೇಲೆಯೇ ಅವರನ್ನು ಮನುಷ್ಯರೆಂದು ಮಾತಾಡಿಸಬಹುದಿತ್ತು. ಹೆಂಡತಿ ದಮಯಂತಿಯಕ್ಕ ಇಪ್ಪತ್ತೈದು ವರ್ಷಗಳಿಂದ ಈ ಕ್ರಮ ನಡೆಸಿಕೊಂಡು ಬಂದವರು.

"ನೀರುಂಟು. ಬಿಸಿ ಇಲ್ಲ," ಎಂದರು ದಮಯಂತಿಯಕ್ಕ.

"ಯಾಕೆ?"

"ಸೌದೆ ಇಲ್ಲ."

"ಇಲ್ಲ ಅಂದ್ರೆ? ಇಡೀ ಮಳೆಗಾಲಕ್ಕೆ ಬೇಕಾದಷ್ಟು ಸೀಳಿಸಿ ರಾಶಿ ಹಾಕಿಸಿದ್ದೇನಲ್ಲ! ಅದೆಲ್ಲಿ ಹೋಯ್ತು?"

"ಎಲ್ಲಿಗೂ ಹೋಗ್ಲಿಲ್ಲ. ನೀವು ಹಾಕಿಸಿದಲ್ಲೇ ಉಂಟು. ಕಾಲುದಾರಿಯಿಂದ ಕೆಳಗೆ."

ರೈಗಳು ಕಿಟಕಿಯ ಸರಳು ಹಿಡಿದು ನೋಡಿದರು. ಮುಳಿಹುಲ್ಲಿನ ಮಾಡಿನ ಸೌದೆ ಕೊಟ್ಟಿಗೆ ಗಡಿಯ ಒಳಗೆ ನೆಮ್ಮದಿಯಾಗಿ ನಿಂತಿತ್ತು. ಅದರ ಪಕ್ಕದಲ್ಲೇ ಹಲಸಿನ ಮರ. ಸಾಧಾರಣ ಮರವಲ್ಲ, ಗಟ್ಟಿ ತೊಳೆಯ ಬಕ್ಕೆ! ಬೆಟ್ಟಂಪಾಡಿಯ ನೆಂಟರು ಈ ಹಣ್ಣಿಗಾಗಿಯೇ ನೆಂಟಸ್ತಿಕೆ ಉಳಿಸಿಕೊಂಡಿದ್ದರು. ಬುಡದಿಂದ ತುದಿಯವರೆಗೆ ನಲವತ್ತು ಹಣ್ಣು.

"ಅದು ನಮ್ಮದಲ್ವಾ?"

"'ಯಾರ ಜಾಗದ್ದೇ ಆಗಲಿ' ಅಂತ ಹೇಳಿದ್ದು ಯಾರು?"

"ಸೌದೆ ಅಂದ್ರೆ ನಾನು ಹೇಳಿದ್ದು ಹಸಿ ಸೌದೆ..."

"'ಒಣಗಿದ್ದಾಗಲಿ.' ನಾನು ಅಲ್ಲೇ ನಿಂತು ಕೇಳಿದ್ದೇನೆ. ಒಳ್ಳೆ ಹೇಳಿದ್ರಿ. ಜನ ಚಪ್ಪಾಳೆ ಕೂಡ ತಟ್ಟಿದ್ರು."

"ದಮಯಂತೀ, ನಾಲ್ಕೇ ನಾಲ್ಕು ಕೊಳ್ಳಿ..."

"ಅಡುಗೆಗೆ ಬೇಕಾದ್ದು ಅಟ್ಟದಲ್ಲಿ ಉಂಟು, ಅದು ಅನ್ನಕ್ಕೆ. ದೈವಕ್ಕೆ ಕೊಟ್ಟ ಮಾತನ್ನು ನಾನು ಬಚ್ಚಲ ಒಲೆಗೆ ಹಾಕುದಿಲ್ಲ."

ರೈಗಳು ಶಾಲನ್ನೂ ತೆಗೆಯದೆ ತ್ಯಾಂಪಣ್ಣನ ಮನೆಗೆ ಓಡಿದರು. ಗಡಿಯನ್ನು ನಾಲ್ಕು ಮಾರು ಈಚೆ ಸರಿಸಲು ಏನಾದರೂ ದಾರಿ ಉಂಟಾ ಎಂದು ಬಹಳ ನಯವಾಗಿ ಕೇಳಿದರು. ತ್ಯಾಂಪಣ್ಣ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಲೂ ಇಲ್ಲ.

"ದೈವ ಕೇಳಿಸಿಕೊಂಡಾಗಿದೆ ರೈಗಳೇ. ನಾನು ಮೂರು ಮಾತು ಕೊಟ್ಟಿದ್ದೆ, ಉಳಿದದ್ದು ನಿಮ್ಮದು. ದೀಪಾವಳಿಗೆ ಬನ್ನಿ."

ಜೂನ್ ಬಂತು, ಮಳೆ ಬಂತು. ತಣ್ಣೀರು ಸ್ನಾನವನ್ನು ರೈಗಳು ಒಂದು ದಿನ ಮಾಡಿ, ಮೂರು ದಿನ ಮಲಗಿದರು. ಪೇಟೆಯಿಂದ ಗಾಡಿಯಲ್ಲಿ ತರಿಸಿದ ಸೌದೆ ದಾರಿಯಲ್ಲೇ ನೆನೆದು, ಒಲೆಯಲ್ಲಿ ಬರೀ ಹೊಗೆಯಾಗಿ, ಅಧ್ಯಕ್ಷರ ಕಣ್ಣು ಮಾತ್ರ ಬಿಸಿಯಾಯಿತು. ಕೊನೆಗೆ ಮರ್ಯಾದೆಯನ್ನು ಪಕ್ಕಕ್ಕಿಟ್ಟು, ಮೈ ಒರಸುವ ಬೈರಾಸು ಹೆಗಲಿಗೆ ಹಾಕಿ, ಸಾಬೂನು ಡಬ್ಬಿ ಕಂಕುಳಲ್ಲಿಟ್ಟು, ಕೊಡೆ ಬಿಡಿಸಿ, ಸಂಕ ದಾಟಿ ಅದ್ರಾಮರ ಮನೆಯ ಬಚ್ಚಲಿಗೆ ಹೋದರು. ಮಾರನೆಯ ದಿನವೂ ಹೋದರು. ಆಮೇಲೆ ಅದು ನಿತ್ಯದ ಕ್ರಮವಾಯಿತು.

"ನನ್ನ ಆಡುಗಳು ನಿಮ್ಮಿಂದಾಗಿ ಕೊಟ್ಟಿಗೆಯಲ್ಲಿ ಸೆರೆ," ಎಂದು ಅದ್ರಾಮ ಬಚ್ಚಲ ಹೊರಗೆ ನಿಂತು ಗೊಣಗುತ್ತಿದ್ದರು. "ನಾನು ದಿನಾ ಗುಡ್ಡೆ ಹತ್ತಿ ಅವುಗಳಿಗೆ ಸೊಪ್ಪು ತರುದು. ನೀವು ನನ್ನ ಬಚ್ಚಲಲ್ಲಿ ಹಾಡು ಹೇಳುದು!"

"ಹಾಡಲ್ಲ ಅದ್ರಾಮ, ನೀರು ಬಿಸಿ ಉಂಟು ಮಾರಾಯ!"

"ಆಡು ಹನ್ನೆರಡು ಇದ್ದದ್ದು ಈಗ ಹದಿಮೂರು ಆಗಿದೆ," ಎಂದು ಒಳಗಿನಿಂದ ಅದ್ರಾಮರ ಹೆಂಡತಿ ಸಾರಮ್ಮ ಹೇಳಿದ್ದು ರೈಗಳಿಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಬಿಸಿನೀರಿನ ಋಣದಲ್ಲಿದ್ದವರು ಎಲ್ಲವನ್ನೂ ಕೇಳಿಸಿಕೊಳ್ಳಬಾರದು.

ಊರಿನವರು ಕಂಡದ್ದು ಮಾತ್ರ ಬೇರೆ. ಜಡಿಮಳೆಯಲ್ಲೂ ಅಧ್ಯಕ್ಷರು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಸಂಕದ ಮೇಲೆ ಹಾಜರ್! ದಡದ ಕಡೆ ಕಣ್ಣು ಹಾಯಿಸುತ್ತಾ ಹೋಗುತ್ತಾರೆ, ಅರ್ಧ ಗಂಟೆ ಬಿಟ್ಟು ಆ ದಡವನ್ನೂ ನೋಡಿಕೊಂಡು ಬರುತ್ತಾರೆ! "ಅಧ್ಯಕ್ಷರು ಅಂದ್ರೆ ಹಾಗಿರಬೇಕು," ಎಂದು ನರಿಮೊಗರಿನ ಹೋಟೆಲಿನವರೆಗೆ ಸುದ್ದಿಯಾಯಿತು. ರೈಗಳು ಅದನ್ನು ತಿದ್ದಲು ಹೋಗಲಿಲ್ಲ. ಸಾಬೂನು ಡಬ್ಬಿಯನ್ನು ಮಾತ್ರ ಬೈರಾಸಿನೊಳಗೆ ಸುತ್ತಿಡತೊಡಗಿದರು.

ಹಾಗೆ ದಿನಾ ಎರಡು ಸಲ ಸಂಕ ದಾಟುವಾಗ ನೋಡಲೇಬೇಕಾಗಿ ಬಂದ ದಡ ಅವರಿಗೆ ನಿಜವಾಗಿಯೂ ಕಾಣಿಸತೊಡಗಿತು. ನೇರಳೆಯ ಬುಡದಿಂದ ಕೆಂಪು ಚಿಗುರು ಎದ್ದಿತು. ಹೊಂಗೆ ಸೊಂಟದೆತ್ತರಕ್ಕೆ ಬಂತು. ಕಡಿದು ಕಡಿದು ಮೋಟಾಗಿದ್ದ ಕೇದಗೆ ನೀರಿನ ಅಂಚಿನಲ್ಲಿ ಮತ್ತೆ ಮುಳ್ಳು ಬಿಚ್ಚಿ ಕೂತಿತು. ಪ್ರತಿ ವರ್ಷ ಜೋರು ಮಳೆಗೆ ವಾರಗಟ್ಟಲೆ ಕೆಂಪಗೆ ಹರಿಯುತ್ತಿದ್ದ ತೋಡು ಈ ಸಲ ಮಳೆ ಬಿಟ್ಟ ಎರಡೇ ದಿನಕ್ಕೆ ತಿಳಿಯಾಗುತ್ತಿತ್ತು. ಒಂದು ಬೆಳಿಗ್ಗೆ ರೈಗಳು ಸಂಕದ ನಡುವೆ ನಿಂತು ಕೆಳಗೆ ಮೀನು ಕಂಡರು. ಬಾಲ್ಯದಲ್ಲಿ ಅದ್ರಾಮರ ಜೊತೆ ಗಾಳ ಹಾಕಿ ಹಿಡಿಯುತ್ತಿದ್ದಂಥದೇ ಮೀನು. ಅವರಿಗೆ ಬಹಳ ಸಂತೋಷವಾಯಿತು, ಮತ್ತು ಆ ಸಂತೋಷದಲ್ಲಿ ಬೊಗಳೆ ಏನೂ ಇರಲಿಲ್ಲ.

ಆದರೆ ಹಲಸಿನ ಹಣ್ಣು! ಅದು ಮನುಷ್ಯನನ್ನು ಒಳ್ಳೆಯವನಾಗಿರಲು ಬಿಡುವ ಹಣ್ಣಲ್ಲ. ಗಾಳಿ ಬೀಸಿದಾಗೆಲ್ಲ ಪರಿಮಳ ಊಟದ ಮನೆಯವರೆಗೆ ಬರುತ್ತಿತ್ತು. ಒಂದೊಂದೇ ಹಣ್ಣು ಬಿದ್ದು ಒಡೆಯುವ ಸದ್ದು ರೈಗಳ ಎದೆಗೆ ಕೇಳಿಸುತ್ತಿತ್ತು. ಮಂಗಗಳು ಸಂಸಾರ ಸಮೇತ ಬಂದು ತಿಂದು, ಬೀಜವನ್ನು ಕಿಟಕಿಯ ಕಡೆಗೆ ಉಗುಳಿ ಹೋದವು. ಮಂಗಗಳನ್ನು ಯಾವ ಸಮಿತಿಗೂ ಸೇರಿಸಿರಲಿಲ್ಲ. ಜುಲೈ-ಆಗಸ್ಟಿನ ಆಟಿ ತಿಂಗಳು ಬಂದಾಗ ಮರದಲ್ಲಿ ಉಳಿದದ್ದು ಒಂದೇ ಹಣ್ಣು. ಅದೂ ಕಾಲುದಾರಿಯ ಕಡೆಗೇ ಬಾಗಿದ ಕೊಂಬೆಯಲ್ಲಿ.

ರೈಗಳು ಮೂರು ದಿನ ಕಾನೂನು ಯೋಚಿಸಿದರು. ಗಡಿ ಎಂದರೆ ಕಾಲುದಾರಿ. ತಾನು ಕಾಲುದಾರಿಯಲ್ಲೇ ನಿಂತರೆ ಗಡಿ ದಾಟಿದಂತಾಗುವುದಿಲ್ಲ. ಕೊಕ್ಕೆಯಿಂದ ಎಳೆದರೆ ಮುಟ್ಟಿದ್ದು ಕೊಕ್ಕೆ, ತಾನಲ್ಲ. ಹಣ್ಣು ದಾರಿಗೆ ಬಂದು ಬಿದ್ದರೆ ಅದು ಗಡಿಯ ಹೊರಗಿನ ಹಣ್ಣು! ವಕೀಲನಾಗಬೇಕಾದವನು ಗಿರಣಿ ಇಟ್ಟುಕೊಂಡು ಹಾಳಾದೆ ಎಂದು ಅವರಿಗೆ ತಮ್ಮ ಮೇಲೆಯೇ ಕನಿಕರವಾಯಿತು.

ನಾಲ್ಕನೆಯ ದಿನ, ಅದ್ರಾಮರ ಬಚ್ಚಲಿನಿಂದ ಹೋ ಎಂದು ಮಿಂದು ಬರುವಾಗ ಮಳೆ ಸ್ವಲ್ಪ ಬಿಟ್ಟಿತ್ತು. ಸುತ್ತ ಯಾರೂ ಇಲ್ಲ. ಬೇಲಿಗೆ ಒರಗಿಸಿಟ್ಟಿದ್ದ ಕೊಕ್ಕೆ ತೆಗೆದು ಒಂದೇ ಎಳೆತ ಎಳೆದರು. ಹಣ್ಣು ಬಿತ್ತು. ಆದರೆ ದಾರಿಗೆ ಬೀಳಲಿಲ್ಲ, ಇಳಿಜಾರಿಗೆ ಬಿತ್ತು. ಬಿದ್ದದ್ದು ನಿಲ್ಲದೆ ತೋಡಿನ ಕಡೆಗೆ ಉರುಳತೊಡಗಿತು. ಕಾನೂನೆಲ್ಲ ಮರೆತ ರೈಗಳು "ಅಯ್ಯಯ್ಯೋ!" ಎಂದು ಅದರ ಹಿಂದೆ ಎರಡು ಹೆಜ್ಜೆ ಓಡಿದರು. ಮೂರನೆಯ ಹೆಜ್ಜೆ ಇಡುವ ಅಗತ್ಯ ಬರಲಿಲ್ಲ. ಮುಂಡು ಒಂದು ಕಡೆ, ಬೈರಾಸು ಒಂದು ಕಡೆ, ಸಾಬೂನು ಡಬ್ಬಿ ಮತ್ತೊಂದು ಕಡೆ ಆಗಿ, ಅಧ್ಯಕ್ಷರು ಕೂತ ಭಂಗಿಯಲ್ಲೇ ಕೆಳಗೆ ಜಾರಿದರು.

ಕೆಳಗೆ ತೋಡು ಎದೆಮಟ್ಟ ತುಂಬಿ ಓಡುತ್ತಿತ್ತು. ಹೋದ ವರ್ಷ ಅದೇ ಜಾಗದಲ್ಲಿ ದಡ ಕುಸಿದು ರೈಗಳ ಎಮ್ಮೆಯೊಂದು ನೀರುಪಾಲಾಗಿತ್ತು. ಎಮ್ಮೆ ನೆನಪಾದದ್ದೇ, ರೈಗಳು ಕೈಗೆ ಸಿಕ್ಕಿದ್ದನ್ನು ತಬ್ಬಿ ಹಿಡಿದರು. ಸಿಕ್ಕಿದ್ದು ಕೇದಗೆಯ ಪೊದೆ. ಎಲೆಯ ಎರಡು ಅಂಚಿಗೂ ಮುಳ್ಳು, ಬೆನ್ನಿಗೂ ಮುಳ್ಳು. ಆದರೆ ಪೊದೆ ಅಲುಗಲಿಲ್ಲ, ದಡವೂ ಕುಸಿಯಲಿಲ್ಲ. ಹಲಸಿನ ಹಣ್ಣು ಮಾತ್ರ ನೀರಿಗೆ ಬಿದ್ದು, ಒಮ್ಮೆ ತಿರುಗಿ ನೋಡಿ, ಕುಮಾರಧಾರಾ ನದಿಯ ಕಡೆಗೆ ಹೊರಟುಹೋಯಿತು.

"ಅದ್ರಾಮಾ!"

ಅದ್ರಾಮ ಸಂಕದ ಮೇಲೆ ಓಡಿ ಬಂದರು. "ರೈಗಳೇ, ಕೈ ಬಿಡ್ಬೇಡಿ!"

"ಬಿಡ್ಲಿಕ್ಕೆ ಎಲ್ಲಿ ಆಗ್ತದೆ ಮಾರಾಯ! ಇದೇ ನನ್ನನ್ನು ಹಿಡ್ಕೊಂಡುಂಟು!"

ಕೂಗು ಕೇಳಿ ದಮಯಂತಿಯಕ್ಕನೂ ಬಂದರು. ಬಾವಿಯ ಹಗ್ಗ ಇಳಿಬಿಟ್ಟು, ಇಬ್ಬರೂ ಸೇರಿ ಅಧ್ಯಕ್ಷರನ್ನು ಎಳೆದು ದಾರಿಗೆ ಹಾಕಿದರು. ಬಿದ್ದಿದ್ದ ಕೊಕ್ಕೆಯನ್ನು ದಮಯಂತಿಯಕ್ಕ ನೋಡಿದರು, ಬರಿದಾದ ಕೊಂಬೆಯನ್ನು ನೋಡಿದರು, ಗಂಡನನ್ನು ನೋಡಿದರು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

"ಮೈಮೇಲಿನ ಮುಳ್ಳನ್ನೆಲ್ಲ ಕಿತ್ತು ಅಲ್ಲೇ ಕೆಳಗೆ ಹಾಕಿ," ಎಂದರು. "ಅದೂ ಗಡಿಯ ಒಳಗಿನದ್ದೇ."

ಜಗಲಿಯಲ್ಲಿ ಕೂತು ಸೇಫ್ಟಿ ಪಿನ್ನಿನಿಂದ ಮುಳ್ಳು ತೆಗೆಯುವಾಗ ರೈಗಳು ದನಿ ತಗ್ಗಿಸಿದರು. "ಇದು ನಮ್ಮ ಮೂರು ಜನರಲ್ಲೇ ಇರಲಿ. ಅಧ್ಯಕ್ಷನೇ ಹಣ್ಣು ಎಳೆದ ಅಂತ ಗೊತ್ತಾದ್ರೆ ನಾಳೆಯೇ ಎಲ್ಲರ ಕತ್ತಿ ತೋಡಿಗೆ ಇಳೀತದೆ. ಇಷ್ಟು ದಿನದ ಕೆಲಸ ಎಲ್ಲ ಹಾಳು."

"ನನ್ನ ಬಾಯಿಂದ ಬರುದಿಲ್ಲ," ಎಂದರು ಅದ್ರಾಮ. "ಸಾರಮ್ಮನಿಗೆ ಮಾತ್ರ ಹೇಳ್ಬೇಕಾಗ್ತದೆ. ಬೈರಾಸು ಕೇಳ್ತಾಳೆ, ಇವತ್ತು ನೀವು ಹಾಕ್ಕೊಂಡು ಬಂದದ್ದು ನಮ್ಮದು."

"ಹಾಗಾದ್ರೆ ಊರಿಗೆ ಗೊತ್ತಾದ ಹಾಗೆಯೇ," ಎಂದರು ದಮಯಂತಿಯಕ್ಕ. "ಮುಚ್ಚಿಟ್ಟದ್ದು ಬೇರೆಯವರ ಬಾಯಿಂದ ಹೊರಗೆ ಬಂದ್ರೆ ಯಾರೂ ಇನ್ನು ಸೊಪ್ಪಿಗೆ ಹೆದರುದಿಲ್ಲ. ಎಮ್ಮೆ ಹೋಯ್ತು, ನೀವು ಉಳಿದ್ರಿ. ಉಳಿಸಿದ್ದು ಆ ಪೊದೆ. ಅದನ್ನು ಉಳಿಸ್ಬೇಕು ಅಂತ ಇದ್ರೆ ದೀಪಾವಳಿಯ ತಂಬಿಲದ ದಿನ ಎಲ್ಲರ ಎದುರು ನೀವೇ ಹೇಳಿ."

"ಮರ್ಯಾದೆ ಹೋಗ್ತದೆ ದಮಯಂತೀ."

"ನಿಮ್ಮದು ಒಬ್ಬರದ್ದು. ದಡ ಹೋದ್ರೆ ಇಡೀ ಊರಿನ ಬಾವಿ ಹೋಗ್ತದೆ."

ಮೂರು ತಿಂಗಳು ರೈಗಳಿಗೆ ಬಿಸಿನೀರೂ ತಣ್ಣಗೇ ಅನಿಸಿತು. ಊರವರು ಹೊಗಳಿದಷ್ಟೂ ಅವರು ಕುಗ್ಗಿದರು.

ದೀಪಾವಳಿ ಬಂತು. ದೈವಕ್ಕೆ ತಂಬಿಲವಾಯಿತು. ಸೊಪ್ಪು ಬಿಚ್ಚುವುದನ್ನು ನೋಡಲು ಎರಡೂ ದಡದವರು ತೋಡಿನ ಬದಿಯಲ್ಲಿ ಸೇರಿದರು. ಗಿಡಗಳು ಆಳೆತ್ತರ ಬೆಳೆದು ಆಚೆ ದಡದವರ ಮುಖ ಈಚೆಯವರಿಗೆ ಕಾಣುತ್ತಿರಲಿಲ್ಲ. ಈ ಸಲದ ಕಟ್ಟವನ್ನು ಈ ದಡ ಖಂಡಿತ ಹಿಡಿದುಕೊಳ್ಳುತ್ತದೆ ಎಂದು ಕಟ್ಟ ಕಟ್ಟುವ ಹಿರಿಯರೇ ತಲೆಯಾಡಿಸಿದರು. ರೈಗಳು ಮುಂದೆ ಬಂದು ನಿಂತರು. ಹೆಗಲಲ್ಲಿ ಶಾಲು ಇರಲಿಲ್ಲ.

"ನಾನು ಕಟ್ಟಿದ ಸೊಪ್ಪನ್ನು ನಾನೇ ಮೀರಿದ್ದೇನೆ," ಎಂದರು. ಕೊಕ್ಕೆ, ಹಣ್ಣು, ಕೇದಗೆ, ಎಲ್ಲವನ್ನೂ ಹೇಳಿದರು. ಬಚ್ಚಲಿನ ವಿಷಯವನ್ನೂ ಬಿಡಲಿಲ್ಲ. "ನಾನು ದಡ ನೋಡ್ಲಿಕ್ಕೆ ಹೋದದ್ದಲ್ಲ, ಮೀಯ್ಲಿಕ್ಕೆ ಹೋದದ್ದು. ಅಧ್ಯಕ್ಷ ಸ್ಥಾನ ಬಿಡ್ತೇನೆ. ನನ್ನನ್ನು ಬಿಟ್ಟುಬಿಡಿ, ದಡ ಮಾತ್ರ ಬಿಡ್ಬೇಡಿ."

ತ್ಯಾಂಪಣ್ಣ ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದು ಕೇಳಿದರು.

"ಹಣ್ಣು ತಿಂದಿರಾ?"

"ಇಲ್ಲ. ತೋಡು ತೆಕ್ಕೊಂಡು ಹೋಯ್ತು."

"ಹಾಗಾದ್ರೆ ದೈವ ಅವತ್ತೇ ತೀರ್ಮಾನ ಮಾಡಿ ಆಗಿದೆ. ನಾವು ಇನ್ನು ಎಂತ ಮಾಡುದು?"

ಮೊದಲು ನಕ್ಕದ್ದು ಸಾರಮ್ಮ. ಆಮೇಲೆ ಎರಡೂ ದಡ ನಕ್ಕಿತು. ನಗು ನಿಂತಾಗ, ಸೊಪ್ಪು ಬಿಚ್ಚುವುದು ಬೇಡ, ಇನ್ನೊಂದು ವರ್ಷಕ್ಕೆ ಹೊಸದಾಗಿ ಕಟ್ಟುವುದೆಂದು ಊರೆಲ್ಲ ಒಂದೇ ಮಾತಿನಲ್ಲಿ ಒಪ್ಪಿತು. ಅಧ್ಯಕ್ಷರೂ ಅವರೇ ಇರಲಿ ಎಂದಿತು. ರೈಗಳ ಕಣ್ಣು ಒದ್ದೆಯಾಯಿತು. ಅವರು ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಇಟ್ಟು, ಎರಡೂ ಕೈ ಮೇಲೆತ್ತಿದರು.

"ಅಯ್ಯೋ, ಇವರು ಹೇಳುದು ಬೇಡ!" ಎಂದು ಅದ್ರಾಮ ಕೂಗಿಬಿಟ್ಟರು. "ನನ್ನ ಬಚ್ಚಲು ಇನ್ನೊಂದು ಮಳೆಗಾಲ ತಡೀಲಿಕ್ಕಿಲ್ಲ!"

"ಈ ದಡದ ಜಾಗ ಹೇಗೂ ದಮಯಂತಿಯಕ್ಕನ ತಾಯಿಯ ಕಡೆಯದ್ದು," ಎಂದರು ತ್ಯಾಂಪಣ್ಣ. "ಗಡಿ ಅವರೇ ಹೇಳಲಿ."

ದಮಯಂತಿಯಕ್ಕ ಸೆರಗು ಸರಿಪಡಿಸಿಕೊಂಡು ಬಂದು, ತೆಂಗಿನಕಾಯಿಯನ್ನು ಗಂಡನ ಕೈಗೆ ಕೊಟ್ಟರು. "ನೀವು ಇದನ್ನು ಹಿಡ್ಕೊಳ್ಳಿ, ಸಾಕು." ಆಮೇಲೆ ತೋಡಿನ ಕಡೆ ತಿರುಗಿ ನಿಂತರು.

"ಕಟ್ಟದ ಕಲ್ಲಿನಿಂದ ಸಂಕದವರೆಗೆ, ನೀರಿನಿಂದ ಕಾಲುದಾರಿಯವರೆಗೆ. ಸೌದೆ ಕೊಟ್ಟಿಗೆ ಹೊರಗೆ."

ರೈಗಳ ಮುಖ ಅರಳಿತು. ಅವರು ಆಸೆಯಿಂದ ಹಲಸಿನ ಮರದ ಕಡೆಗೊಮ್ಮೆ, ಹೆಂಡತಿಯ ಕಡೆಗೊಮ್ಮೆ ನೋಡಿದರು.

"ಹಲಸಿನ ಮರ ಒಳಗೆ," ಎಂದರು ದಮಯಂತಿಯಕ್ಕ. "ಅಧ್ಯಕ್ಷರು ಹೊರಗೆ."

ಕೈಯಲ್ಲಿ ತೆಂಗಿನಕಾಯಿ ಇದ್ದುದರಿಂದ ರೈಗಳಿಗೆ ಕೈ ಮುಗಿಯಲೂ ಆಗಲಿಲ್ಲ. ತಲೆ ಬಾಗಿಸಿದರು.